ಆನೆ ಐದಾರು, ಗಿಡ 42: ಮಡಿಕೇರಿಯ ಒಂದು ಡಿಟಿಪಿ ಅಂಗಡಿ

ಮಡಿಕೇರಿಯಲ್ಲಿ ಕನ್ನಡ ಟೈಪಿಂಗ್ ಮಾಡಿಸಬೇಕು, ಎಲ್ಲಿಗೆ ಹೋಗೋದು ಅಂತ ಇತ್ತೀಚೆಗೆ ಇಬ್ಬರು ಮೂವರು ಕೇಳಿದರು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಖಾಸಗಿ ಬಸ್ ನಿಲ್ದಾಣದಿಂದ ಏರು ಹತ್ತಿ ಬಂದರೆ ಸಿಗುವ ಸಣ್ಣ ಅಂಗಡಿ ಇದು. ಬೋರ್ಡಿನಲ್ಲಿ ಅಂಗಡಿಯ ಹೆಸರೇ ಇಲ್ಲ. 'ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್' ಅಂತ ಮೂರು ಪದ ಇದೆ, ಅಷ್ಟೇ. ಒಳಗೆ ಒಂದು ಕಂಪ್ಯೂಟರ್, ಎರಡು ಪ್ರಿಂಟರ್, ಇಬ್ಬರು ಕೂರುವಷ್ಟು ಬೆಂಚು. ಅಂಗಡಿ ನಡೆಸುವ ಅಕ್ಕನಿಗೆ ಐವತ್ತು ದಾಟಿರಬಹುದು. ಈ ಎರಡು ವರ್ಷದಲ್ಲಿ ಅವರ ಹತ್ತಿರ ನಾಲ್ಕು ಕೆಲಸ ಮಾಡಿಸಿದ್ದೇನೆ. ಮೆಣಸಿನ ಫಸಲಿನ ಕರಾರು ಪತ್ರ, ತಮ್ಮನ ಮದುವೆ ಕಾಗದ, ನಮ್ಮ ಹೋಂಸ್ಟೇ ದರಪಟ್ಟಿ, ಮತ್ತೆ ಅಜ್ಜನ ಮಳೆ ಪುಸ್ತಕ.

ಅಕ್ಷರ ತಪ್ಪಿಲ್ಲದೆ ಟೈಪ್ ಮಾಡುವವರು ಬೇರೆ ಕಡೆಯೂ ಸಿಗುತ್ತಾರೆ. ನಾನು ಮತ್ತೆ ಮತ್ತೆ ಇಲ್ಲಿಗೇ ಹೋಗೋದು ಅಂಕಿಗಳಿಗೋಸ್ಕರ. ಯಾವ ಸಂಖ್ಯೆಯನ್ನು ಅಂಕಿಯಲ್ಲಿ ಹಾಕಬೇಕು, ಯಾವುದನ್ನು ಅಕ್ಷರದಲ್ಲಿ ಬರೆಯಬೇಕು ಅಂತ ಇಷ್ಟು ಯೋಚನೆ ಮಾಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಇದು ನನಗೆ ಯಾಕೆ ಇಷ್ಟು ದೊಡ್ಡ ವಿಷಯ ಅಂತ ಮೊದಲು ಹೇಳಬೇಕು. ಮೂರು ವರ್ಷದ ಹಿಂದೆ ಅಪ್ಪ ನಮ್ಮ ತೋಟದ ಕರಿಮೆಣಸನ್ನು ಬಳ್ಳಿಯಲ್ಲಿರುವಾಗಲೇ ಒಬ್ಬರಿಗೆ ಗುತ್ತಿಗೆ ಕೊಟ್ಟಿದ್ದರು. ಕರಾರು ಪತ್ರವನ್ನು ಬೇರೊಂದು ಊರಿನ ಟೈಪಿಂಗ್ ಅಂಗಡಿಯಲ್ಲಿ ಮಾಡಿಸಿದರು. ಅಲ್ಲಿ ಹಳೆಯ ಯಾರದೋ ಕರಾರು ಪತ್ರದ ಫೈಲ್ ತೆಗೆದು, ಹೆಸರು ಬದಲಾಯಿಸಿ, ಅಂಕಿ ಬದಲಾಯಿಸಿ ಪ್ರಿಂಟ್ ಕೊಟ್ಟಿದ್ದಾರೆ. ಅಂಕಿಯ ಪಕ್ಕದಲ್ಲಿದ್ದ ಅಕ್ಷರ ಬದಲಾಯಿಸೋದು ಮರೆತುಹೋಗಿದೆ. ಹಾಗಾಗಿ ಕಾಗದದಲ್ಲಿ 'ರೂ. 1,50,000/- (ಒಂದು ಲಕ್ಷದ ಹದಿನೈದು ಸಾವಿರ ರೂಪಾಯಿ ಮಾತ್ರ)' ಅಂತ ಉಳಿಯಿತು. ಅಪ್ಪ ಅಂಕಿ ನೋಡಿ ಸಹಿ ಹಾಕಿದರು. ಹಣ ಕೊಡುವಾಗ ಗುತ್ತಿಗೆ ಹಿಡಿದವರು ಅಕ್ಷರ ತೋರಿಸಿದರು. ಎರಡು ತಿಂಗಳು ಓಡಾಡಿ, ಕೊನೆಗೆ ಊರಿನ ನಾಲ್ಕು ಜನ ಕೂತು 1,35,000ಕ್ಕೆ ಮುಗಿಸಿದರು. 15,000 ರೂಪಾಯಿ ಹೋಯಿತು. ಅಪ್ಪನಿಗೆ ದುಡ್ಡಿಗಿಂತ ಜಾಸ್ತಿ ನೋವಾಗಿದ್ದು, ತಾನು ಓದದೆ ಸಹಿ ಹಾಕಿದೆನಲ್ಲ ಅನ್ನೋದು. ಅವರು ಈಗಲೂ ಆ ಕಾಗದವನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.

ಮರುವರ್ಷದ ಕರಾರು ಮಾಡಿಸಲು ನಾನೇ ಹೊರಟೆ. ಯಾರೋ ಹೇಳಿದರು ಅಂತ ಈ ಅಕ್ಕನ ಅಂಗಡಿಗೆ ಹೋದೆ. ಹಳೆಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಚೆಕ್ ಬರೀತೀರಲ್ಲ, ಅದರಲ್ಲಿ ಎರಡೂ ಯಾಕೆ ಬರೆಸ್ತಾರೆ ಹೇಳಿ" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಸುಮ್ನೆ ಒಂದು ಪದ್ಧತಿ ಅಂದುಕೊಂಡಿದ್ದೆ. ಚೆಕ್ಕಿನ ಮೇಲೆ ಅಂಕಿ ಒಂದು, ಅಕ್ಷರ ಒಂದು ಆಗಿದ್ದರೆ ಅಕ್ಷರದಲ್ಲಿ ಬರೆದ ಮೊತ್ತವೇ ಲೆಕ್ಕಕ್ಕೆ ಅಂತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ನಿನಲ್ಲೇ ಇದೆ. ಅಂಕಿಗೆ ಒಂದು ಸೊನ್ನೆ ಸೇರಿಸೋದು ಸುಲಭ, 1 ಅನ್ನು 7 ಮಾಡೋದು ಸುಲಭ. 'ಒಂದು' ಅನ್ನೋದನ್ನು 'ಏಳು' ಮಾಡೋಕೆ ಆಗಲ್ಲ. ಕೊನೆಗೆ ಗೆರೆ ಎಳೆದು '/-' ಹಾಕೋದು, 'ಮಾತ್ರ' ಅಂತ ಬರೆಯೋದು ಕೂಡ ಹಿಂದೆ ಇನ್ನೇನೂ ಸೇರಿಸದ ಹಾಗೆ ಬಾಗಿಲು ಹಾಕೋಕೆ.

ಅವರ ಕೆಲಸದ ಕ್ರಮ ಹೀಗಿದೆ. ಅಕ್ಷರವನ್ನು ಮೊದಲು ಟೈಪ್ ಮಾಡುತ್ತಾರೆ. ಆಮೇಲೆ ಅದನ್ನು ಜೋರಾಗಿ ಓದಿಕೊಂಡು ಅಂಕಿ ಹಾಕುತ್ತಾರೆ. ಅಂಕಿ ನೋಡಿ ಅಕ್ಷರ ಬರೆಯೋದಿಲ್ಲ. ಕೊನೆಗೆ ಪ್ರಿಂಟ್ ತೆಗೆದು, ಅಂಕಿಯ ಮೇಲೆ ಬೆರಳು ಮುಚ್ಚಿ, "ಓದಿ" ಅಂತ ನಮ್ಮ ಕೈಗೆ ಕೊಡುತ್ತಾರೆ. ನಾವು ಅಕ್ಷರ ಓದಬೇಕು. ನಂತರ ಬೆರಳು ತೆಗೆದು ಅಂಕಿ ತೋರಿಸುತ್ತಾರೆ. ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅವರು ಕನ್ನಡಕ ಹಾಕಿಕೊಂಡು, ಶಾಲೆಯ ಹುಡುಗನ ಹಾಗೆ, 'ಒಂದು ಲಕ್ಷದ ಅರುವತ್ತೆರಡು ಸಾವಿರ' ಅಂತ ಓದಿದ್ದು ನನಗೆ ಇನ್ನೂ ಕಣ್ಣ ಮುಂದಿದೆ.

ಅದೇ ಕಾಗದದಲ್ಲಿ ಇನ್ನೊಂದು ವಿಷಯ ಹಿಡಿದರು. ನಾನು ಬರೆದುಕೊಂಡು ಹೋಗಿದ್ದ ಚೀಟಿಯಲ್ಲಿ ಜಾಗ '2.20 ಎಕರೆ' ಅಂತಿತ್ತು. ಗುತ್ತಿಗೆ ಹಿಡಿಯುವವರು ಎಲ್ಲಿಯವರು ಅಂತ ಕೇಳಿದರು. ಹಾಸನದ ಕಡೆಯವರು ಅಂದೆ. "ಹಾಗಾದ್ರೆ ಅವರಿಗೆ ಇದು ಎರಡೂವರೆ ಎಕರೆ ಆಗುತ್ತೆ ಮಾರಾಯ್ತಿ" ಅಂದರು. ಎಷ್ಟು ಸರಿ ಅಲ್ವಾ! ನಾವು ಕೊಡಗಿನಲ್ಲಿ ಸೆಂಟ್ ಲೆಕ್ಕದವರು, ನೂರು ಸೆಂಟಿಗೆ ಒಂದು ಎಕರೆ. ಹಾಸನ, ಮೈಸೂರು ಕಡೆ ಗುಂಟೆ, 40 ಗುಂಟೆಗೆ ಒಂದು ಎಕರೆ. 20 ಗುಂಟೆ ಅಂದರೆ ಅರ್ಧ ಎಕರೆ, ನಮ್ಮ ಲೆಕ್ಕದಲ್ಲಿ 50 ಸೆಂಟ್. ಚುಕ್ಕಿ ಒಂದೇ, ಅಂಕಿ ಒಂದೇ, ಮಧ್ಯೆ 30 ಸೆಂಟ್ ಜಾಗದ ವ್ಯತ್ಯಾಸ. ಅವರು ಚುಕ್ಕಿಯನ್ನೇ ತೆಗೆದು '2 ಎಕರೆ 20 ಸೆಂಟ್ (ಎರಡು ಎಕರೆ ಇಪ್ಪತ್ತು ಸೆಂಟ್)' ಅಂತ ಹಾಕಿದರು. ಆ ವರ್ಷ ಒಂದು ಮಾತೂ ಬರಲಿಲ್ಲ.

ಆದರೆ ಎಲ್ಲವನ್ನೂ ಅಕ್ಷರದಲ್ಲಿ ಬರೆಯುವ ಹಟ ಅವರಿಗೆ ಇಲ್ಲ. ಅದನ್ನು ನಾನು ಕಲಿತಿದ್ದು ಬೆಂಚಿನ ಮೇಲೆ ಕೂತಿದ್ದಾಗ. ನನ್ನ ಪ್ರೂಫ್‌ಗೆ ಕಾಯುತ್ತಿದ್ದೆ. ಒಬ್ಬರು ವಯಸ್ಸಾದವರು ಬಂದರು, ಮಳೆಗೆ ಛತ್ರಿ ಹೊರಗೆ ಒರಗಿಸಿ, ಜೇಬಿನಿಂದ ಮಡಚಿದ ಕಾಗದ ತೆಗೆದರು. ಆನೆ ಬಂದು ತೋಟ ಹಾಳು ಮಾಡಿದೆ, ಪರಿಹಾರಕ್ಕೆ ಅರ್ಜಿ ಬೇಕು. ಕೈಬರಹದಲ್ಲಿ 'ರಾತ್ರಿ 5 6 ಆನೆಗಳು ನುಗ್ಗಿ' ಅಂತ ಬರೆದಿದ್ದರು. ಹಿಂದಿನ ಸಲ ಬೇರೆ ಕಡೆ ಟೈಪ್ ಮಾಡಿಸಿದಾಗ ಅದು '56 ಆನೆಗಳು' ಆಗಿ ಹೋಗಿತ್ತಂತೆ, ಅರ್ಜಿ ತೆಗೆದುಕೊಂಡವರು ಮುಖ ನೋಡಿ ಇವರನ್ನೇ ಪ್ರಶ್ನೆ ಮಾಡಿದರಂತೆ. ಅವರು ಅದನ್ನು ಬೇಜಾರಿನಲ್ಲಿ ಹೇಳುತ್ತಿದ್ದರು.

ಅಕ್ಕ ಕೇಳಿದರು, "ನೀವು ಎಣಿಸಿದ್ರಾ ಅಣ್ಣ?"

"ಕತ್ತಲಲ್ಲಿ ಎಲ್ಲಿ ಎಣಿಸೋದು. ಐದಾರು ಇರಬಹುದು. ಮರಿಯೂ ಒಂದಿತ್ತು."

"ಹಾಗಾದ್ರೆ ಐದಾರು ಅಂತಲೇ ಅಕ್ಷರದಲ್ಲಿ ಇರಲಿ. ಗಿಡ ಎಣಿಸಿದ್ರಾ?"

"ಬೆಳಿಗ್ಗೆ ಎಣಿಸಿದೆ. ಕಾಫಿ 42, ಬಾಳೆ 17, ಅಡಿಕೆ 9."

"ಅದನ್ನ ಅಂಕಿಯಲ್ಲಿ ಹಾಕೋಣ. ಸಾಲಾಗಿ, ಒಂದರ ಕೆಳಗೆ ಒಂದು. ನೋಡೋಕೆ ಬಂದವರು ಅದನ್ನ ಹಿಡ್ಕೊಂಡು ತೋಟದಲ್ಲಿ ಎಣಿಸ್ತಾರೆ."

ನಾನು ಪತ್ರಿಕೋದ್ಯಮ ಓದುವಾಗ ಇಂಗ್ಲಿಷಿನ ನಿಯಮ ಹೇಳಿಕೊಟ್ಟಿದ್ದರು. ಒಂದರಿಂದ ಒಂಬತ್ತರವರೆಗೆ ಅಕ್ಷರ, 10ರಿಂದ ಮೇಲೆ ಅಂಕಿ. ಕೆಲವು ಪುಸ್ತಕದವರು ನೂರರವರೆಗೂ ಅಕ್ಷರದಲ್ಲೇ ಬರೆಯುತ್ತಾರೆ. ಆ ನಿಯಮದ ಪ್ರಕಾರ 'ಅಡಿಕೆ ಒಂಬತ್ತು, ಬಾಳೆ 17' ಅಂತ ಆಗಬೇಕಿತ್ತು. ಅಕ್ಕ ನೋಡಿದ್ದು ಸಂಖ್ಯೆ ಚಿಕ್ಕದಾ ದೊಡ್ಡದಾ ಅಂತ ಅಲ್ಲ, ಅದನ್ನು ಎಣಿಸಿದ್ದಾರಾ ಅಂದಾಜು ಮಾಡಿದ್ದಾರಾ ಅಂತ. ಐದಾರು, ಏಳೆಂಟು, ಹತ್ತಿಪ್ಪತ್ತು ಅಂತ ನಮ್ಮ ಭಾಷೆಯಲ್ಲಿ ಅಂದಾಜಿಗೆ ಅಂತಲೇ ಎಷ್ಟು ಚೆಂದದ ಪದಗಳಿವೆ. ಅವುಗಳನ್ನು 5-6, 7-8, 10-20 ಮಾಡಿದರೆ ಲೆಕ್ಕದ ಪುಸ್ತಕದ ಥರ ಕಾಣುತ್ತೆ, ನಡುವಿನ ಸಣ್ಣ ಗೆರೆ ಬಿಟ್ಟು ಹೋದರೆ ಮುಗಿದೇ ಹೋಯಿತು. ಆವತ್ತಿನಿಂದ ನಾನೂ ಬರೆಯುವಾಗ ಇದನ್ನೇ ಕೇಳಿಕೊಳ್ಳುತ್ತೇನೆ, ಎಣಿಸಿದ್ದಾ, ಅಂದಾಜಾ.

ಮದುವೆ ಕಾಗದದ ಕೆಲಸ ಇನ್ನೊಂದು ಥರ. ತಮ್ಮ ಎಲ್ಲವೂ ಕನ್ನಡ ಅಂಕಿಯಲ್ಲೇ ಇರಬೇಕು ಅಂದ. ಅಕ್ಕ ಒಪ್ಪಿದರು, ಖುಷಿಯಿಂದಲೇ. ಆದರೆ ಎರಡು ಕಡೆ ಬೇಡ ಅಂದರು. ಒಂದು ಫೋನ್ ನಂಬರ್, ಇನ್ನೊಂದು ಮನೆಗೆ ಬರುವ ದಾರಿಯ ಕಿಲೋಮೀಟರ್. ಸಣ್ಣ ಅಕ್ಷರದಲ್ಲಿ ಪ್ರಿಂಟ್ ಆದಾಗ ೩, ೬, ೯ ಒಂದರ ಹಾಗೆ ಒಂದು ಕಾಣುತ್ತವೆ, ವಯಸ್ಸಾದವರು ಕನ್ನಡಕ ಇಲ್ಲದೆ ನೋಡಿದರೆ ತಪ್ಪು ನಂಬರಿಗೆ ಫೋನ್ ಹೋಗುತ್ತೆ. ಮೊಬೈಲಿನ ಕೀಲಿಗಳಲ್ಲಿ ಇರುವ ಅಂಕಿಯೇ ಕಾಗದದಲ್ಲೂ ಇದ್ದರೆ ಒತ್ತೋದು ಸುಲಭ. ಕೆಲವರು ಸೊನ್ನೆಯ ಜಾಗದಲ್ಲಿ ಅನುಸ್ವಾರ ಟೈಪ್ ಮಾಡಿಬಿಡುತ್ತಾರೆ, ಕಣ್ಣಿಗೆ ಗೊತ್ತಾಗಲ್ಲ, ಬೇರೆ ಫಾಂಟಿಗೆ ಹೋದ ಕೂಡಲೇ ಹಾಳಾಗುತ್ತೆ ಅಂತಲೂ ಹೇಳಿದರು. ಹಾಗಾಗಿ ತಾರೀಕು, ಮುಹೂರ್ತ ಕನ್ನಡ ಅಂಕಿಯಲ್ಲಿ, ಫೋನ್ ನಂಬರ್ ಮಾಮೂಲಿ ಅಂಕಿಯಲ್ಲಿ ಬಂತು. ತಮ್ಮನಿಗೂ ಸಮಾಧಾನ ಆಯಿತು.

ತಾರೀಕು '೪-೫-೨೦೨೫' ಅಂತ ಹಾಕಿಕೊಂಡು ಹೋಗಿದ್ದೆವು. ಹೊರದೇಶದಲ್ಲಿ ನೆಂಟರು ಯಾರಾದರೂ ಇದ್ದಾರಾ ಅಂತ ಕೇಳಿದರು. ಚಿಕ್ಕಪ್ಪನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅವಳ ಮಕ್ಕಳು ನೋಡಿದರೆ ಏಪ್ರಿಲ್ ಐದು ಅಂದುಕೊಳ್ಳುತ್ತಾರೆ. '೨೦೨೫ರ ಮೇ ೪, ಭಾನುವಾರ' ಅಂತ ಆಯಿತು. ತಿಂಗಳ ಹೆಸರು ಅಕ್ಷರದಲ್ಲಿ ಬಂದ ಮೇಲೆ ಗೊಂದಲಕ್ಕೆ ಜಾಗವೇ ಇಲ್ಲ. 'ನಮ್ಮ 2ನೇ ಪುತ್ರ' ಅನ್ನೋದನ್ನೂ ಹೊಡೆದು 'ದ್ವಿತೀಯ ಪುತ್ರ' ಮಾಡಿದರು. ಮಗನನ್ನು ಯಾರೂ ಅಂಕಿ ಹಾಕಿ ಕರೆಯಲ್ಲ ಅಂದರು. ಅಮ್ಮನಿಗೆ ಆ ಮಾತು ತುಂಬಾ ಹಿಡಿಸಿತು.

ಜನರ ವಿಷಯದಲ್ಲಿ ಅವರು ಯಾವಾಗಲೂ ಹೀಗೇ. 'ಗಾಯಗೊಂಡ 3 ಜನ' ಅಂತ ಬರೆದುಕೊಂಡು ಹೋದರೆ 'ಮೂವರು' ಆಗಿ ವಾಪಸ್ ಬರುತ್ತೆ. ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು. ಮನುಷ್ಯರನ್ನು ಎಣಿಸೋಕೆ ಅಂತಲೇ ಕನ್ನಡದಲ್ಲಿ ಬೇರೆ ಪದಗಳಿರುವಾಗ ಅಂಕಿ ಹಾಕಿದರೆ ಅವು ಕಳೆದುಹೋಗುತ್ತವೆ. ಅದಕ್ಕಿಂತ ಜಾಸ್ತಿ ಆದರೆ, 12 ಮಂದಿ, 60 ಮಂದಿ, ಅಂಕಿಯೇ ಸರಿ. ಯಾರದೋ ಬೀಳ್ಕೊಡುಗೆ ಭಾಷಣದ ಪ್ರೂಫ್‌ನಲ್ಲಿ '4 ಮಾತು ಹೇಳಲು ಇಷ್ಟಪಡುತ್ತೇನೆ' ಅನ್ನೋದಕ್ಕೆ ಕೆಂಪು ಸುತ್ತು ಹಾಕಿದ್ದನ್ನು ನೋಡಿದೆ. ನಾಲ್ಕು ಮಾತು ಅಂದರೆ ಎಣಿಸಿದ ನಾಲ್ಕಲ್ಲವಲ್ಲ. ಶಾಲೆಯ ಮಗುವೊಂದರ ಪ್ರಾಜೆಕ್ಟಿನಲ್ಲಿ '4ನೇ ಕೃಷ್ಣರಾಜ ಒಡೆಯರ್' ಅಂತಿದ್ದುದನ್ನು 'ನಾಲ್ವಡಿ' ಮಾಡಿ, ಮಗುವಿಗೆ ಇಮ್ಮಡಿ, ಮುಮ್ಮಡಿ ಎಲ್ಲ ಹೇಳಿಕೊಟ್ಟು ಕಳಿಸಿದರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಅಂಕಿಗೆ ಹತ್ತುವ ಪ್ರತ್ಯಯದ ಬಗ್ಗೆಯೂ ಹೇಳಬೇಕು, ಬರೆಯುವವರಿಗೆಲ್ಲ ಉಪಯೋಗ ಆಗುತ್ತೆ. '500ರ ನೋಟು' ಸರಿ. ಹಾಗಂತ '2,000ರ ನೋಟು' ಅಂತ ಬರೆದರೆ ನಾಲಿಗೆ ಎಡವುತ್ತೆ. ಐನೂರು, ಹಾಗಾಗಿ ಐನೂರರ. ಎರಡು ಸಾವಿರ, ಹಾಗಾಗಿ ಸಾವಿರದ. ಅಂದರೆ '2,000ದ ನೋಟು'. ಅಂಕಿಯನ್ನು ಬಾಯಲ್ಲಿ ಓದಿ ಆಮೇಲೆ ಬಾಲ ಹಚ್ಚಬೇಕು ಅನ್ನೋದು ಅವರ ಲೆಕ್ಕ. ಇಂಗ್ಲಿಷಿನಲ್ಲಿ ಅಂಕಿ ಒಂಟಿಯಾಗಿ ನಿಲ್ಲುತ್ತೆ, ಕನ್ನಡದಲ್ಲಿ ನಿಲ್ಲಲ್ಲ. ನಾನು ವರ್ಷಗಟ್ಟಲೆ ಬರೆದುಕೊಂಡು ಬಂದವಳು, ಇದನ್ನು ಯಾವತ್ತೂ ಗಮನಿಸಿರಲಿಲ್ಲ.

ಈಗ ಅಜ್ಜನ ಮಳೆ ಪುಸ್ತಕ. ಇದೇ ದೊಡ್ಡ ಕೆಲಸ, ಇದಕ್ಕಾಗಿಯೇ ನಾನು ಈ ಅಂಗಡಿಗೆ ಪೂರ್ತಿ ಅಂಕ ಕೊಡೋದು.

ಕೊಡಗಿನ ತೋಟದವರಿಗೆ ಗೊತ್ತು, ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳೋದು. 'ನಿಮ್ಮಲ್ಲಿ ಎಷ್ಟು?' ಅಂದರೆ 'ಒಂದು ಇಂಚು 20 ಸೆಂಟ್' ಅಂತ ಉತ್ತರ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಪೇಪರಿನಲ್ಲಿ ಮಿಲಿಮೀಟರ್ ಬರುತ್ತೆ, ನಾವು ಮನಸ್ಸಲ್ಲೇ 25ರಿಂದ ಭಾಗಿಸಿಕೊಳ್ಳುತ್ತೇವೆ. ಸರಿಯಾಗಿ ಹೇಳಬೇಕಂದ್ರೆ 25.4. ಅಜ್ಜ ಅಂಗಳದ ಮಳೆಮಾಪಕ ನೋಡಿ ದಿನಾ ಬೆಳಿಗ್ಗೆ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಪ್ಪ ಮುಂದುವರಿಸಿದ್ದಾರೆ. ಹುಳ ತಿನ್ನುವ ಮೊದಲು ಇದನ್ನು ಟೈಪ್ ಮಾಡಿಸಿಡೋಣ ಅಂತ ಎರಡು ಪುಸ್ತಕ ಕೊಟ್ಟು ಬಂದಿದ್ದೆ.

ಒಂದು ವಾರ ಆದ ಮೇಲೆ ಅಕ್ಕನೇ ಫೋನ್ ಮಾಡಿದರು. "ನಿಮ್ಮ ಅಜ್ಜ 1.5 ಅಂತ ಬರೆದರೆ ಒಂದೂವರೆ ಇಂಚಾ, ಒಂದು ಇಂಚು ಐದು ಸೆಂಟಾ?" ಅಂತ ಕೇಳಿದರು. ನಾನು ಒಂದೂವರೆ ಅಂದೆ, ಇನ್ನೇನಿರುತ್ತೆ ಅಂತ. ಬಂದು ನೋಡಿ ಅಂದರು. ಹೋದೆ. ಒಂದು ಮಾರ್ಚ್ ತಿಂಗಳ ಪುಟ ತೆರೆದಿಟ್ಟಿದ್ದರು. ಮಾಸಿದ ಶಾಯಿ, ಅಂಚಿನಲ್ಲಿ ಕಾಫಿ ಲೋಟದ ಗುರುತು. ಒಂದು ಕಡೆ 1.50 ಅಂತ ಸೊನ್ನೆ ಸಮೇತ ಇದೆ. ನಾಲ್ಕು ಸಾಲು ಕೆಳಗೆ 1.5, ಸೊನ್ನೆ ಇಲ್ಲ. ಅವರು ಪೆನ್ಸಿಲ್ ಹಿಡಿದು ತಿಂಗಳ ಕೊನೆಯ ಮೊತ್ತ ಕೂಡಿ ತೋರಿಸಿದರು. 1.5 ಅನ್ನು ಒಂದೂವರೆ ಅಂತ ತಗೊಂಡರೆ ಅಜ್ಜನ ಮೊತ್ತಕ್ಕಿಂತ 45 ಸೆಂಟ್ ಜಾಸ್ತಿ ಬರುತ್ತೆ. ಒಂದು ಇಂಚು ಐದು ಸೆಂಟ್ ಅಂತ ತಗೊಂಡರೆ ಸರಿಯಾಗಿ ಕೂರುತ್ತೆ. ಅಜ್ಜನಿಗೆ ಆ ಚುಕ್ಕಿ ದಶಮಾಂಶದ ಚುಕ್ಕಿ ಆಗಿರಲೇ ಇಲ್ಲ, ಇಂಚನ್ನೂ ಸೆಂಟನ್ನೂ ಬೇರೆ ಮಾಡುವ ಗುರುತು, ಅಷ್ಟೇ. ಜಾಗದ 2.20 ಇದ್ದ ಹಾಗೆಯೇ!

ಅಕ್ಕ ಎಲ್ಲ ತಿಂಗಳ ಮೊತ್ತವನ್ನೂ ಹೀಗೆ ಕೂಡಿ ನೋಡಿ, 1.5 ಇದ್ದ ಕಡೆಯೆಲ್ಲ 1.05 ಮಾಡಿದ್ದಾರೆ. ಟೈಪಿಂಗ್ ದುಡ್ಡಿಗೆ ಈ ಕೆಲಸ ಯಾರು ಮಾಡುತ್ತಾರೆ ಹೇಳಿ. ಕಾಫಿ ಹೂವಿಗೆ ಒಂದು ಇಂಚು ಮಳೆ ಬೇಕು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಮಾರ್ಚಿನ ಹೂ ಮಳೆಯ ಲೆಕ್ಕದಲ್ಲಿ 45 ಸೆಂಟ್ ಅಂದರೆ ಸಣ್ಣ ವಿಷಯ ಅಲ್ಲ.

ಅದೇ ಪುಸ್ತಕಕ್ಕೆ ನಾನು ಒಂದು ಪುಟದ ಮುನ್ನುಡಿ ಬರೆದಿದ್ದೆ. ಒಂದು ಸಾಲನ್ನು 'ಎರಡು ಸಾವಿರದ ಹದಿನೆಂಟರ ಆಗಸ್ಟ್ ತಿಂಗಳಲ್ಲಿ' ಅಂತ ಶುರು ಮಾಡಿದ್ದೆ, ಅಂಕಿಯಿಂದ ವಾಕ್ಯ ಶುರು ಮಾಡಬಾರದು ಅಂತ ಕಾಲೇಜಿನಲ್ಲಿ ಕಲಿತದ್ದು ತಲೆಯಲ್ಲಿ ಇತ್ತು. ಅಕ್ಕ ಅದನ್ನು '2018ರ ಆಗಸ್ಟ್‌ನಲ್ಲಿ' ಮಾಡಿದರು. ಇಸವಿಯಿಂದ ವಾಕ್ಯ ಶುರುವಾಗೋದು ಕನ್ನಡದಲ್ಲಿ ದಿನಾ ನೋಡುವಂಥದ್ದೇ. ಆದರೆ ಅವರು ಕೊಟ್ಟ ಕಾರಣ ಬೇರೆ. "2018 ಅಂತ ಅಂಕಿ ನೋಡಿದರೆ ಸಾಕು, ನಮ್ಮವರಿಗೆ ಗುಡ್ಡ ಜರಿದದ್ದು ನೆನಪಾಗುತ್ತೆ. ಅಕ್ಷರದಲ್ಲಿ ಬರೆದರೆ ಓದಿಕೊಂಡು ಮುಂದೆ ಹೋಗ್ತಾರೆ." ನಾನು ಮರುಮಾತಾಡಲಿಲ್ಲ. ಅಪ್ಪನ ಕೈಬರಹದಲ್ಲಿ ಆ ತಿಂಗಳ ಪುಟದಲ್ಲಿ ಮೂರು ದಿನ ಖಾಲಿ ಇದೆ. ಆ ಖಾಲಿಯನ್ನು ಅಕ್ಕ ಖಾಲಿಯಾಗಿಯೇ ಬಿಟ್ಟಿದ್ದಾರೆ, ಸೊನ್ನೆ ಹಾಕಿಲ್ಲ.

ದರಪಟ್ಟಿ ವಿಷಯದಲ್ಲಿ ಮಾತ್ರ ನನಗೂ ಅವರಿಗೂ ಒಪ್ಪಿಗೆ ಆಗಲಿಲ್ಲ. 'ಬೆಳಿಗ್ಗೆ ಎಂಟೂವರೆಗೆ ತಿಂಡಿ, ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಬಿಡಬೇಕು' ಅಂತ ಅಕ್ಷರದಲ್ಲಿ ಹಾಕಿದ್ದರು. ಮನೆಗೆ ಬಂದ ಅತಿಥಿಗೆ ಹೇಳುವ ಮಾತು ಅದು, ರೈಲಿನ ವೇಳಾಪಟ್ಟಿ ಅಲ್ಲ ಅಂತ ಅವರ ವಾದ. ಕೇಳೋಕೆ ಚೆನ್ನಾಗಿದೆ. ಆದರೆ ಗೋಡೆಯ ಮೇಲಿನ ಕಾಗದವನ್ನು ಯಾರೂ ಕೂತು ಓದಲ್ಲ, ದೂರದಿಂದ ಕಣ್ಣು ಹಾಯಿಸುತ್ತಾರೆ. ಅಲ್ಲಿ 8.30, 12.00 ಅಂತಲೇ ಇರಬೇಕು ಅಂತ ನಾನು ಹಟ ಮಾಡಿದೆ. ಒಬ್ಬರಿಗೆ 1,800 ರೂಪಾಯಿ, 5 ವರ್ಷದೊಳಗಿನ ಮಕ್ಕಳಿಗೆ ಉಚಿತ ಅನ್ನೋದಕ್ಕೆ ಅಂಕಿ ಹಾಕಿ ಸಮಯಕ್ಕೆ ಅಕ್ಷರ ಹಾಕಿದರೆ ಒಂದೇ ಕಾಗದದಲ್ಲಿ ಎರಡು ರೀತಿ ಆಗುತ್ತೆ ಅಂತಲೂ ಹೇಳಿದೆ. ನಾನು ಹೇಳಿದ ಹಾಗೆ ಮಾಡಿಕೊಟ್ಟರು, ಮನಸ್ಸಿಲ್ಲದ ಮನಸ್ಸಿನಿಂದ. ಈ ವಿಷಯದಲ್ಲಿ ನಾನೇ ಸರಿ ಅಂತ ಈಗಲೂ ಅನ್ನಿಸುತ್ತೆ.

ಕೊರತೆಗಳೂ ಇವೆ. ತುಂಬಾ ನಿಧಾನ. ಅರ್ಜೆಂಟ್ ಅಂದರೆ ಅವರು ಕೆಲಸವನ್ನೇ ತಗೊಳ್ಳಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಅವತ್ತಿಗೆ ಅಂಗಡಿ ಮುಗಿಯಿತು, ಯುಪಿಎಸ್ ಹತ್ತು ನಿಮಿಷವೂ ಬರಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಟೈಪ್ ಮಾಡಿಸೋಕೆ ಆಗಲ್ಲ, ಕಾಗದ ಕೈಗೇ ಕೊಡಬೇಕು. ಕಲರ್ ಪ್ರಿಂಟ್ ಸುಮಾರು, ಮದುವೆ ಕಾಗದದ ವಿನ್ಯಾಸ ಮಾತ್ರ ಇಲ್ಲಿ ಮಾಡಿಸಿ ಪ್ರಿಂಟ್ ಮೈಸೂರಿನಲ್ಲಿ ತೆಗೆಸಿದೆವು. ಪುಟಕ್ಕೆ 50 ರೂಪಾಯಿ ತಗೊಳ್ಳುತ್ತಾರೆ, ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿ. ಎರಡು ಸಲ ಪ್ರೂಫ್ ಅದರಲ್ಲೇ ಸೇರಿದೆ. ಅಂಕಿಗಳ ಪಟ್ಟಿ ಇದ್ದರೆ ಪುಟಕ್ಕೆ 80.

ಶುಕ್ರವಾರ ಸಂತೆ ದಿನ ಹೋಗಬೇಡಿ, ಜೆರಾಕ್ಸಿನವರೇ ತುಂಬಿರುತ್ತಾರೆ. ಬೆಳಿಗ್ಗೆ 10ಕ್ಕೆ ಬಾಗಿಲು ತೆರೆದ ಕೂಡಲೇ ಹೋದರೆ ಕೂತು ಮಾತಾಡಿ ಮಾಡಿಸಬಹುದು. ಹಣದ ಕಾಗದ ಆದರೆ ಸಹಿ ಹಾಕುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬೆರಳು ಮುಚ್ಚಿ ಓದಿಸುತ್ತಾರಲ್ಲ, ಅದನ್ನು ಅವರೇ ಓದಬೇಕು. ಅಜ್ಜನ ಇನ್ನೂ ಮೂರು ಪುಸ್ತಕ ಮನೆಯಲ್ಲಿವೆ. ಈ ಮಳೆ ಸ್ವಲ್ಪ ಬಿಟ್ಟ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟು ಬರಬೇಕು.